ಬೆನ್ನುಮೂಳೆಯ ವಕ್ರತೆ ಮತ್ತು ಕೈರೋಪ್ರಾಕ್ಟಿಕ್ ಚಿಕಿತ್ಸೆ

ತಾಯಿಯು ಮಗಳಿಗೆ ಜಡೆ ಹೆಣೆಯುವಾಗಲೋ, ದರ್ಜಿಯು ರವಿಕೆಗೆ ಅಳತೆ ತೆಗೆಯುವಾಗಲೋ ಒಂದು ಭುಜವು ಮತ್ತೊಂದಕ್ಕಿಂತ ತುಸು ಮೇಲಿರುವುದು ಕಣ್ಣಿಗೆ ಬೀಳುತ್ತದೆ. ಬೆನ್ನುಮೂಳೆಯ ವಕ್ರತೆಯು ಅನೇಕ ವೇಳೆ ಮೊದಲು ಗೋಚರಿಸುವುದು ಹೀಗೆಯೇ. ವೈದ್ಯರು ಇದನ್ನು ಸ್ಕೋಲಿಯೋಸಿಸ್ ಎಂದು ಕರೆಯುತ್ತಾರೆ. ಬೆನ್ನನ್ನು ಒತ್ತಿ, ‘ಟಕ್’ ಎಂಬ ಸದ್ದು ಬರಿಸಿ, ಮೂಳೆಯನ್ನು ನೇರಗೊಳಿಸುವುದಾಗಿ ಹೇಳುವ ದೃಶ್ಯಗಳು ಈಗ ಮೊಬೈಲುಗಳಲ್ಲಿ ಹೇರಳವಾಗಿ ಕಾಣಸಿಗುತ್ತವೆ. ಈ ಚಿಕಿತ್ಸೆಯಿಂದ ವಕ್ರತೆ ಸರಿಹೋಗುವುದೇ ಎಂಬ ಪ್ರಶ್ನೆ ಪಾಲಕರಲ್ಲಿ ಮೂಡುವುದು ಸಹಜ. ಉತ್ತರಕ್ಕೆ ಮುನ್ನ ತೊಂದರೆಯ ಸ್ವರೂಪವನ್ನು ಅರಿಯಬೇಕು.

ಹಿಂದಿನಿಂದ ನೋಡಿದಾಗ ಬೆನ್ನುಮೂಳೆಯು ನೇರವಾಗಿರಬೇಕು. ಸ್ಕೋಲಿಯೋಸಿಸ್‌ನಲ್ಲಿ ಅದು ಪಕ್ಕಕ್ಕೆ ಬಾಗುವುದಲ್ಲದೆ ತಿರುಚಿಕೊಳ್ಳುತ್ತದೆ. ಎಕ್ಸ್-ರೇ ಚಿತ್ರದಲ್ಲಿ ಅಳೆದ ಬಾಗು 10 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಅದನ್ನು ಈ ಹೆಸರಿನಿಂದ ಗುರುತಿಸಲಾಗುತ್ತದೆ. ಹದಿಹರೆಯದವರಲ್ಲಿ ನೂರಕ್ಕೆ ಸುಮಾರು 2ರಿಂದ 3 ಮಂದಿಯಲ್ಲಿ ಇದು ಕಂಡುಬರುತ್ತದೆ. ಬಹುಪಾಲು ಮಕ್ಕಳಲ್ಲಿ ಇದಕ್ಕೆ ನಿರ್ದಿಷ್ಟ ಕಾರಣ ತಿಳಿಯುವುದಿಲ್ಲ. ಭಾರವಾದ ಶಾಲಾಚೀಲವಾಗಲಿ, ಕುಳಿತುಕೊಳ್ಳುವ ರೀತಿಯಾಗಲಿ ಇದಕ್ಕೆ ಕಾರಣವಲ್ಲ; ಆದುದರಿಂದ ಮಗುವನ್ನು ದೂಷಿಸಲಾಗದು. ಎತ್ತರ ವೇಗವಾಗಿ ಬೆಳೆಯುವ ವರ್ಷಗಳಲ್ಲಿ ಬಾಗು ಹೆಚ್ಚುವ ಸಂಭವ ಅಧಿಕ. ಈ ಸಂಭವವು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಹೆಚ್ಚು.

ಕೈರೋಪ್ರಾಕ್ಟಿಕ್ ಪದ್ಧತಿಯು 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ನಗರದಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬುವರಿಂದ ಆರಂಭವಾಯಿತು. ಗ್ರೀಕ್ ಮೂಲದ ಈ ಹೆಸರಿಗೆ ‘ಕೈಯಿಂದ ಮಾಡುವ ಕ್ರಿಯೆ’ ಎಂಬ ಅರ್ಥವಿದೆ. ಅಮೆರಿಕದಲ್ಲಿ ಇದಕ್ಕೆ ಪ್ರತ್ಯೇಕ ಪದವಿ ಶಿಕ್ಷಣವಿದ್ದು, ಚಿಕಿತ್ಸಕರು ರಾಜ್ಯದ ಪರವಾನಗಿ ಪಡೆಯಬೇಕಾಗುತ್ತದೆ. ಚಿಕಿತ್ಸಕರು ಬೆನ್ನಿನ ಕೀಲುಗಳಿಗೆ ಕೈಯಿಂದ ಚುರುಕಾದ ಒತ್ತಡ ನೀಡುತ್ತಾರೆ. ಆಗ ಕೇಳುವ ಸದ್ದು ಮೂಳೆ ಸ್ವಸ್ಥಾನಕ್ಕೆ ಮರಳಿದ ಸದ್ದಲ್ಲ. ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದಕ್ಕೆ ಸಂಬಂಧಿಸಿದ್ದು. ನಾವು ಬೆರಳಿನ ನೆಟಿಗೆ ಮುರಿದಾಗ ಬರುವ ಸದ್ದೂ ಇಂಥದೇ.

ಈ ಚಿಕಿತ್ಸೆಯಿಂದ ಕೆಲವರಿಗೆ ಬೆನ್ನುನೋವು ತಾತ್ಕಾಲಿಕವಾಗಿ ಶಮನವಾಗಬಹುದು, ಬಿಗಿದ ಸ್ನಾಯುಗಳು ಸಡಿಲವಾಗಬಹುದು. ವಕ್ರತೆಯಿಂದ ನೋವನುಭವಿಸುವ ವಯಸ್ಕರಿಗೆ ಅದೂ ಸಣ್ಣ ಸಂಗತಿಯಲ್ಲ. ಆದರೆ ಇದರಿಂದ ಬಾಗು ನೇರವಾಗುತ್ತದೆ ಅಥವಾ ಬೆಳೆಯುವ ಮಗುವಿನಲ್ಲಿ ಅದು ಹೆಚ್ಚುವುದು ನಿಲ್ಲುತ್ತದೆ ಎಂಬುದಕ್ಕೆ ವಿಶ್ವಾಸಾರ್ಹ ಆಧಾರವಿಲ್ಲ. ನೋವು ತಗ್ಗುವುದು ಬೇರೆ, ಬಾಗು ತಗ್ಗುವುದು ಬೇರೆ. ಈ ವ್ಯತ್ಯಾಸವನ್ನು ಮರೆತು ತಿಂಗಳುಗಟ್ಟಲೆ ಕಾದರೆ, ಕಳೆದ ಬೆಳವಣಿಗೆಯ ಕಾಲವು ಮತ್ತೆ ದೊರೆಯದು.

ಬಾಗು ಅಲ್ಪವಾಗಿದ್ದರೆ ವೈದ್ಯರು ಕೆಲವು ತಿಂಗಳಿಗೊಮ್ಮೆ ಪರೀಕ್ಷಿಸುತ್ತಾರೆ. ಅದು ಸುಮಾರು 25ರಿಂದ 40 ಡಿಗ್ರಿಯಷ್ಟಿದ್ದು ಬೆಳವಣಿಗೆ ಇನ್ನೂ ಉಳಿದಿದ್ದರೆ, ಬ್ರೇಸ್ ಎಂಬ ಗಟ್ಟಿಯಾದ ಕವಚವನ್ನು ತೊಡಲು ಸೂಚಿಸುತ್ತಾರೆ. ಅಮೆರಿಕ ಹಾಗೂ ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬ್ರೇಸ್ ತೊಟ್ಟವರಲ್ಲಿ ನೂರಕ್ಕೆ 72 ಮಂದಿಯ ಬಾಗು ಬೆಳವಣಿಗೆ ಮುಗಿಯುವವರೆಗೂ 50 ಡಿಗ್ರಿ ಮುಟ್ಟಲಿಲ್ಲ. ತೊಡದವರಲ್ಲಿ ಈ ಪ್ರಮಾಣ 48 ಮಾತ್ರ. ದಿನದಲ್ಲಿ ಹೆಚ್ಚು ಗಂಟೆ ತೊಟ್ಟವರಿಗೆ ಹೆಚ್ಚು ಫಲ ದೊರೆಯಿತು. ಇದರೊಂದಿಗೆ ಫಿಸಿಯೋಥೆರಪಿ ತಜ್ಞರು ಕಲಿಸುವ ವಿಶೇಷ ವ್ಯಾಯಾಮಗಳೂ ಸಹಕಾರಿ. ಬಾಗು 45ರಿಂದ 50 ಡಿಗ್ರಿ ದಾಟಿದಾಗ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ.

ನೋವಿನ ಉಪಶಮನಕ್ಕಾಗಿ ಕೈರೋಪ್ರಾಕ್ಟಿಕ್ ಚಿಕಿತ್ಸೆ ಪಡೆಯಬಯಸುವವರು ಮೊದಲು ಮೂಳೆತಜ್ಞರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಚಿಕಿತ್ಸಕರ ಶಿಕ್ಷಣ ಎಂತಹುದೆಂದು ಕೇಳಿ ತಿಳಿಯಬೇಕು. ಮೂಳೆ ಸವೆದ ವೃದ್ಧರು, ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದವರು, ಕೈಕಾಲು ಜೋಮು ಅಥವಾ ನಿಶ್ಶಕ್ತಿ ಇರುವವರು ತಜ್ಞರ ಒಪ್ಪಿಗೆಯಿಲ್ಲದೆ ಬೆನ್ನನ್ನು ಒತ್ತಿಸಿಕೊಳ್ಳಲೇಬಾರದು. ಕತ್ತನ್ನು ಹಠಾತ್ತನೆ ತಿರುಗಿಸುವುದರಿಂದ, ಅಪರೂಪಕ್ಕಾದರೂ, ಮಿದುಳಿಗೆ ರಕ್ತ ಒಯ್ಯುವ ನಾಳಕ್ಕೆ ಗಾಯವಾಗಬಹುದು. ಇಷ್ಟು ಸಲದಲ್ಲಿ ಮೂಳೆ ನೇರವಾಗುವುದೆಂದು ಭರವಸೆಯಿತ್ತು ಮುಂಗಡ ಹಣ ಕೇಳುವವರಿಂದ ದೂರವಿರುವುದು ಲೇಸು.

ಹತ್ತು ವರ್ಷ ದಾಟಿದ ಮಕ್ಕಳನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮಗುವು ಪಾದಗಳನ್ನು ಜೋಡಿಸಿ, ಮೊಣಕಾಲು ಮಡಚದೆ, ಅಂಗೈಗಳನ್ನು ಕೂಡಿಸಿ ಮುಂದಕ್ಕೆ ಬಾಗಲಿ. ಹಿಂದೆ ನಿಂತು ನೋಡಿದಾಗ ಬೆನ್ನಿನ ಒಂದು ಬದಿ ಉಬ್ಬಿ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮಗಳ ಮದುವೆಗೆ ತೊಡಕಾದೀತೆಂಬ ಅಳುಕಿನಿಂದ ಎಷ್ಟೋ ಮನೆಗಳಲ್ಲಿ ಇದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಮಾತ್ರಕ್ಕೆ ಬಾಗು ನಿಲ್ಲುವುದಿಲ್ಲ. ಸಕಾಲದಲ್ಲಿ ಗುರುತಿಸಿದರೆ ಈ ಮಕ್ಕಳಲ್ಲಿ ಬಹುತೇಕರು ಓದು, ಆಟ, ದುಡಿಮೆ, ಸಂಸಾರಗಳಲ್ಲಿ ಎಲ್ಲರಂತೆಯೇ ಬಾಳಬಲ್ಲರು.