ಕೆಂಪು ಗೆರೆಯೊಂದೇ ಸಾಲದು: ಮೊಬೈಲ್ ಆ್ಯಪ್ ನಮೂನೆಗಳಲ್ಲಿ ದೋಷಸೂಚನೆಯ ಮಹತ್ವ

ಮಾರಾಟ ಪ್ರತಿನಿಧಿಗಳು ಆರ್ಡರ್ ಪುಸ್ತಕವನ್ನು ಬಗಲಿಗಿಟ್ಟುಕೊಂಡು ಊರೂರು ತಿರುಗುತ್ತಿದ್ದ ಕಾಲ ಬಹುಮಟ್ಟಿಗೆ ಹಿಂದೆ ಸರಿದಿದೆ. ಇಂದು ಸಗಟು ವರ್ತಕರೂ ಸಣ್ಣ ಕೈಗಾರಿಕೆಗಳ ಮಾಲೀಕರೂ ಆರ್ಡರ್ ಪಡೆಯಲು, ಹೊಸ ಗ್ರಾಹಕರ ವಿವರಗಳನ್ನು ದಾಖಲಿಸಲು ತಮ್ಮದೇ ಮೊಬೈಲ್ ಆ್ಯಪ್‌ಗಳನ್ನು ಮಾಡಿಸಿಕೊಳ್ಳುತ್ತಿದ್ದಾರೆ. ಆ್ಯಪ್‌ನ ಲಾಂಛನ, ಬಣ್ಣ ಹಾಗೂ ಸರಕಿನ ಚಿತ್ರಗಳ ಬಗ್ಗೆ ತೋರುವ ಆಸಕ್ತಿಯಲ್ಲಿ ಸ್ವಲ್ಪಾಂಶವನ್ನಾದರೂ ಅದರ ನಮೂನೆಗಳಲ್ಲಿ ಮೂಡುವ ದೋಷಸೂಚನೆಗಳ ಬಗ್ಗೆ ತೋರುವುದು ಅವಶ್ಯಕ. ವಿವರ ತುಂಬುವವರು ತಪ್ಪಿದಾಗ ಆ್ಯಪ್ ಏನು ಹೇಳುತ್ತದೆ, ಎಲ್ಲಿ ಹೇಳುತ್ತದೆ, ಯಾವಾಗ ಹೇಳುತ್ತದೆ ಎಂಬ ಮೂರು ಪ್ರಶ್ನೆಗಳು ನೇರವಾಗಿ ನಮ್ಮ ಲೆಕ್ಕಪತ್ರಗಳನ್ನು ಮುಟ್ಟುತ್ತವೆ.

ಒಂದು ಅಕ್ಷರದ ಬೆಲೆ

ಖರೀದಿದಾರರ ಜಿಎಸ್‌ಟಿ ನೋಂದಣಿ ಸಂಖ್ಯೆಯಲ್ಲಿ ಒಂದು ಅಕ್ಷರ ತಪ್ಪಿದರೂ ಆ ಬಿಲ್ಲು ಅವರ ಜಿಎಸ್‌ಟಿಆರ್-2ಬಿ ವಿವರಪಟ್ಟಿಯಲ್ಲಿ ಕಾಣಿಸುವುದಿಲ್ಲ. 2022ರ ಜನವರಿ 1ರಿಂದ ಜಾರಿಗೆ ಬಂದ ಕೇಂದ್ರ ಜಿಎಸ್‌ಟಿ ಕಾಯಿದೆಯ 16(2)(ಎಎ) ಉಪಬಂಧದ ಪ್ರಕಾರ, ಮಾರಾಟಗಾರರು ಸಲ್ಲಿಸಿದ ವಿವರ ಖರೀದಿದಾರರಿಗೆ ಹೀಗೆ ತಲುಪದ ಹೊರತು ಅವರಿಗೆ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯದು. ಕ್ರೆಡಿಟ್ ದೊರೆಯದ ಗ್ರಾಹಕರು ತೆರಿಗೆಯಷ್ಟು ಹಣವನ್ನು ತಡೆಹಿಡಿಯುವುದು ವ್ಯಾಪಾರದಲ್ಲಿ ಸಹಜ. ಮುಂದಿನ ಜಿಎಸ್‌ಟಿಆರ್-1ರಲ್ಲಿ ತಿದ್ದುಪಡಿಗೆ ಅವಕಾಶವಿದೆಯಾದರೂ, ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವ ದಿನಕ್ಕೆ ಆ ಅವಕಾಶ ಮುಗಿಯುತ್ತದೆ. ಆದ್ದರಿಂದ ತಪ್ಪನ್ನು ಬರೆಯುವ ಹಂತದಲ್ಲಿಯೇ ತಡೆಯುವುದು ಲಾಭದಾಯಕ.

ಸೂಚನೆಯಲ್ಲಿ ಪರಿಹಾರವಿರಲಿ

ಸಾಮಾನ್ಯ ತೆರಿಗೆದಾರರ ಜಿಎಸ್‌ಟಿ ಸಂಖ್ಯೆಗೆ ನಿಶ್ಚಿತ ರಚನೆಯಿದೆ. ಒಟ್ಟು 15 ಸ್ಥಾನಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ಸಂಖ್ಯೆ. 13ನೆಯದು ಅದೇ ಪ್ಯಾನ್‌ನಲ್ಲಿ ಆ ರಾಜ್ಯದೊಳಗಿನ ನೋಂದಣಿಯ ಕ್ರಮಾಂಕ, 14ನೆಯದು ‘ಝಡ್’ ಅಕ್ಷರ, ಕೊನೆಯದು ಹಿಂದಿನ 14ರಿಂದ ಲೆಕ್ಕಹಾಕಿದ ತಾಳೆಯ ಅಕ್ಷರ. ಹೀಗಿರುವಾಗ ‘ಅಮಾನ್ಯ ಮಾಹಿತಿ’ ಎಂದಷ್ಟೇ ಹೇಳುವ ಆ್ಯಪ್ ತನ್ನ ಕರ್ತವ್ಯವನ್ನು ಅರ್ಧಕ್ಕೇ ಬಿಟ್ಟಂತೆ. ‘ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಗಳಿರಬೇಕು, ತಾವು 14 ಬರೆದಿದ್ದೀರಿ’ ಎಂದರೆ ಗುಮಾಸ್ತರಿಗೆ ಮುಂದಿನ ದಾರಿ ತಿಳಿಯುತ್ತದೆ. ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತಕ್ಕೂ ಇದೇ ಮಾತು. ಅದರ 11 ಸ್ಥಾನಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ‘ಓ’ ಅಕ್ಷರ ಬಿದ್ದಿದ್ದರೆ ‘ಐದನೆಯ ಸ್ಥಾನದಲ್ಲಿ ಸೊನ್ನೆ ಇರಬೇಕು’ ಎಂದು ನೇರವಾಗಿ ತಿಳಿಸಬಹುದು. ಸಣ್ಣಕ್ಷರವನ್ನು ದೊಡ್ಡಕ್ಷರಕ್ಕೆ ಬದಲಿಸುವುದು, ನಡುವಿನ ಖಾಲಿ ಜಾಗ ತೆಗೆಯುವುದು ಇತ್ಯಾದಿಗಳನ್ನು ಆ್ಯಪ್ ತಾನೇ ಮಾಡಿಕೊಳ್ಳಬೇಕು. ಇದಕ್ಕಾಗಿ ಗ್ರಾಹಕರಿಗೆ ತೊಂದರೆ ಕೊಡುವುದು ಸಲ್ಲದು.

ಬಣ್ಣ ಮತ್ತು ಸ್ಥಳ

ತಪ್ಪಿದ ಅಂಕಣದ ಅಂಚನ್ನು ಕೆಂಪಾಗಿಸಿ ಸುಮ್ಮನಾಗುವ ಆ್ಯಪ್‌ಗಳು ಹೇರಳ. ಕೆಂಪು-ಹಸಿರುಗಳ ಭೇದ ತಿಳಿಯದ ವರ್ಣಾಂಧತೆ ಪುರುಷರಲ್ಲಿ ವಿರಳವೇನಲ್ಲ. ಅಂತಹವರಿಗೆ ಕೆಂಪು ಗೆರೆ ಏನನ್ನೂ ತಿಳಿಸದು. ಬಣ್ಣವೊಂದನ್ನೇ ಅವಲಂಬಿಸಬಾರದೆಂದೂ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ಅಂತರವಿರಬೇಕೆಂದೂ ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿಗಳು ಹೇಳುತ್ತವೆ. ಬಿಳಿಯ ಮೇಲಿನ ಅಪ್ಪಟ ಕೆಂಪು ಸುಮಾರು 4ಕ್ಕೆ 1 ಮಾತ್ರ. ಅಂದರೆ ಕಣ್ಣಿಗೆ ರಾಚುವ ಕೆಂಪೂ ಓದಲು ಸಾಲದು. ಗಾಢ ಕೆಂಪು, ಒಂದು ಚಿಕ್ಕ ಎಚ್ಚರಿಕೆಯ ಚಿಹ್ನೆ, ಜೊತೆಗೆ ಕನ್ನಡದ ಒಂದು ವಾಕ್ಯ, ಈ ಮೂರೂ ಒಟ್ಟಿಗಿರಬೇಕು.

ಸೂಚನೆಯು ಆಯಾ ಅಂಕಣದ ಕೆಳಗೇ ಬರಬೇಕು ಮತ್ತು ತಪ್ಪು ಸರಿಯಾಗುವವರೆಗೆ ಅಲ್ಲಿಯೇ ಉಳಿಯಬೇಕು. ಆಂಡ್ರಾಯ್ಡ್ ಪರದೆಯ ತಳದಲ್ಲಿ ಮಿಂಚಿ ಮಾಯವಾಗುವ ‘ಟೋಸ್ಟ್’ ಸೂಚನೆ ಎರಡರಿಂದ ಮೂರೂವರೆ ಸೆಕೆಂಡು ಮಾತ್ರ ನಿಲ್ಲುತ್ತದೆ. ಅಂಗಡಿಯ ಗದ್ದಲದಲ್ಲಿ ಅಷ್ಟರೊಳಗೆ ಓದಿ ತಿದ್ದುವುದು ಕಷ್ಟ. ಮೊದಲ ಅಕ್ಷರ ಒತ್ತುತ್ತಲೇ ಆಕ್ಷೇಪಿಸುವುದೂ ತರವಲ್ಲ. ಅಂಕಣ ಬಿಟ್ಟು ಮುಂದೆ ಹೋದಾಗ ತಿಳಿಸಿದರೆ ಸಾಕು. ಬಹುಮುಖ್ಯವಾಗಿ, ಒಂದು ತಪ್ಪಿಗಾಗಿ ಬರೆದುದೆಲ್ಲವನ್ನೂ ಅಳಿಸಿಹಾಕಬಾರದು.

ತಪ್ಪು ಬೇರೆ, ಎಚ್ಚರಿಕೆ ಬೇರೆ

ಜಿಎಸ್‌ಟಿ ಸಂಖ್ಯೆ 29ರಿಂದ ಆರಂಭವಾಗಿ, ಸರಕು ತಲುಪಬೇಕಾದ ವಿಳಾಸ ತಮಿಳುನಾಡಿನದಾಗಿದ್ದರೆ ಅದು ತಪ್ಪೇ ಆಗಿರಬೇಕೆಂದಿಲ್ಲ. ಒಬ್ಬರ ಹೆಸರಿಗೆ ಬಿಲ್ಲು, ಇನ್ನೊಬ್ಬರಿಗೆ ಸರಕು ಎಂಬ ವಹಿವಾಟು ಕ್ರಮಬದ್ಧವಾದದ್ದೇ. ಆದರೆ ಐಜಿಎಸ್‌ಟಿಯೋ, ಸಿಜಿಎಸ್‌ಟಿ-ಎಸ್‌ಜಿಎಸ್‌ಟಿಯೋ ಎಂಬ ನಿರ್ಣಯ ಇಲ್ಲಿ ಎಡವಿದರೆ, 77ನೆಯ ಪ್ರಕರಣದಂತೆ ಸರಿಯಾದ ತೆರಿಗೆಯನ್ನು ಮತ್ತೆ ಕಟ್ಟಿ, ಮೊದಲು ಕಟ್ಟಿದ್ದಕ್ಕೆ ಮರುಪಾವತಿ ಕೋರಬೇಕಾಗುತ್ತದೆ. ಇಂತಹ ಕಡೆ ಆ್ಯಪ್ ಹಳದಿ ಬಣ್ಣದ ಎಚ್ಚರಿಕೆ ನೀಡಿ, ಖಚಿತಪಡಿಸಿಕೊಂಡು ಮುಂದುವರಿಯಲು ಬಿಡಬೇಕು. ಅಂತೆಯೇ, ತಾಳೆಯ ಅಕ್ಷರ ಹೊಂದಿದ ಮಾತ್ರಕ್ಕೆ ನೋಂದಣಿ ಚಾಲ್ತಿಯಲ್ಲಿದೆ ಎಂದರ್ಥವಲ್ಲ. ರದ್ದಾದ ಸಂಖ್ಯೆಯೂ ಆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಹೊಸ ಗ್ರಾಹಕರ ನೋಂದಣಿಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಡಿಕೊಳ್ಳುವ ಪರಿಪಾಠವನ್ನು ಕೈಬಿಡಬಾರದು.

ಆ್ಯಪ್ ತಯಾರಕರಿಗೆ ಕೊನೆಯ ಕಂತು ಪಾವತಿಸುವ ಮುನ್ನ ವರ್ತಕ ಬಂಧುಗಳು ಒಂದು ಸರಳ ಪರೀಕ್ಷೆ ನಡೆಸುವುದು ಒಳಿತು. ತಮ್ಮ ಅಂಗಡಿಯ ಹಿರಿಯ ಗುಮಾಸ್ತರ ಕೈಗೆ ಮೊಬೈಲ್ ಕೊಟ್ಟು, ಬಿಸಿಲಿನಲ್ಲಿ ನಿಂತು, ಬೇಕೆಂದೇ ಒಂದು ಅಕ್ಷರ ಬಿಟ್ಟು ಜಿಎಸ್‌ಟಿ ಸಂಖ್ಯೆ ಬರೆಯಲು ಹೇಳಿ. ಯಾರನ್ನೂ ಕೇಳದೆ ಅವರು ಅದನ್ನು ತಿದ್ದಲು ಶಕ್ತರಾದರೆ ಹಣ ಪಾವತಿಸಬಹುದು. ಇಲ್ಲವಾದಲ್ಲಿ ಕೆಲಸ ಇನ್ನೂ ಬಾಕಿ ಇದೆ ಎಂದು ತಿಳಿಯತಕ್ಕದ್ದು.