ಬೋಗಿಯೊಳಗೆ ಬೊಂಬೆ ಕೂರಿಸಿದ ಕಥೆ

ದಸರೆ ಬಂತೆಂದರೆ "ಈ ವರ್ಷ ಬೊಂಬೆ ಕೂರಿಸಿದಿರಾ?" ಎಂದು ಕೇಳುತ್ತೇವೆ. ಆ ಬೊಂಬೆಗಳಲ್ಲಿ ಬಹುಪಾಲು ನಿಂತೇ ಇರುತ್ತವೆ. ಬೊಂಬೆಯನ್ನು ಅಕ್ಷರಶಃ ಕೂರಿಸುವ ಕೆಲಸ ಬೇರೊಂದಿದೆ. ಚಿಮಟದ ತುದಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡ ಮನುಷ್ಯನನ್ನು ಹಿಡಿದು, ಉಸಿರು ಬಿಗಿಹಿಡಿದು, ಮಾದರಿ ರೈಲಿನ ಕಿಟಕಿ ಪಕ್ಕದ ಸೀಟಿಗೆ ಇಳಿಸುವುದು. ಈ ಪುಟ್ಟ ಪ್ರಯಾಣಿಕ ರೈಲು ಹತ್ತಿದ, ನಡುವೆ ಇಳಿದುಹೋದ, ಮತ್ತೆ ಹತ್ತಿದ ಕಥೆ ಶುರುವಾಗುವುದು ಜರ್ಮನಿಯಲ್ಲಿ.

ಅಲ್ಲಿನ ಗ್ಯೋಪಿಂಗನ್ ಊರಿನ ಮ್ಯಾರ್ಕ್ಲಿನ್ ಕಂಪನಿ 1859ರಲ್ಲಿ ಆರಂಭವಾದದ್ದು ಬೊಂಬೆಮನೆಗೆ ಬೇಕಾದ ತಗಡಿನ ಪಾತ್ರೆ ಪಡಗ ಮಾಡಲು. 1891ರ ಲೈಪ್‌ಜಿಗ್ ವಸಂತ ಮೇಳಕ್ಕೆ ಅದು ಕೀಲಿ ಕೊಟ್ಟರೆ ಓಡುವ ರೈಲನ್ನು ತಂದಿತು. ಜೊತೆಗೆ ಬೇಕಾದಷ್ಟು ಜೋಡಿಸುತ್ತಾ ಹೋಗಬಹುದಾದ ಹಳಿಯನ್ನೂ ತಂದಿತು. ಆ ಕಾಲದ ರೈಲುಗಳು ದೊಡ್ಡವು. ಒಂದನೇ ಗೇಜ್ ಎಂದರೆ ಎರಡು ಹಳಿಗಳ ನಡುವೆ ನಾಲ್ಕೂವರೆ ಸೆಂಟಿಮೀಟರ್ ಜಾಗ. ಬೆಲೆಬಾಳುವ ಕೆಲವು ಬೋಗಿಗಳ ಚಾವಣಿಯನ್ನು ಪೆಟ್ಟಿಗೆಯ ಮುಚ್ಚಳದಂತೆ ತೆರೆಯಬಹುದಿತ್ತು. ಒಳಗೆ ಸೀಟುಗಳು, ಸೀಟಿನ ಮೇಲೆ ಬೊಂಬೆಗಳು. ಬೊಂಬೆಮನೆಗೆ ಗಾಲಿ ಬಂದಂತಿತ್ತು.

ಆಮೇಲೆ ರೈಲು ಕುಗ್ಗಿತು. ಎಲ್ಲರ ಮನೆಯಲ್ಲೂ ದೊಡ್ಡ ಹಜಾರ ಇರಲಿಲ್ಲ, ಊಟದ ಮೇಜಿನ ಮೇಲೆ ಓಡುವ ರೈಲು ಬೇಕಾಗಿತ್ತು. 1935ರಲ್ಲಿ ಟ್ರಿಕ್ಸ್ ಮತ್ತು ಮ್ಯಾರ್ಕ್ಲಿನ್ ಎರಡೂ ಕಂಪನಿಗಳು ಹದಿನಾರೂವರೆ ಮಿಲಿಮೀಟರ್ ಹಳಿಯ ವಿದ್ಯುತ್ ರೈಲುಗಳನ್ನು ಮಾರುಕಟ್ಟೆಗೆ ಬಿಟ್ಟವು. ಇಂದು ಜಗತ್ತಿನಲ್ಲೇ ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆ, ಅಂದರೆ ನಿಜದ ರೈಲಿನ 87ನೇ ಒಂದು ಭಾಗ, ಬೆಳೆದದ್ದು ಈ ಹಳಿಯ ಮೇಲೆಯೇ. ರೈಲು ಸಣ್ಣದಾದಾಗ ಮೊದಲು ಇಳಿದುಹೋದವನು ಪ್ರಯಾಣಿಕ. ತಗಡಿನ ಬೋಗಿ ಒಳಗೆ ಬರೀ ಖಾಲಿ. ಅಮೆರಿಕದಲ್ಲಿ ಲಯೊನೆಲ್ ಕಂಪನಿ ಇದಕ್ಕೊಂದು ಉಪಾಯ ಹುಡುಕಿತು. ಕಿಟಕಿಯ ಪಟ್ಟಿಯ ಮೇಲೆ ಪ್ರಯಾಣಿಕರ ಕಪ್ಪು ನೆರಳುಚಿತ್ರ ಅಚ್ಚು ಹಾಕಿ, ಒಳಗೆ ದೀಪ ಹಚ್ಚಿತು. ಕತ್ತಲೆ ಕೋಣೆಯಲ್ಲಿ ಆ ರೈಲು ಓಡಿದರೆ ತೊಗಲುಬೊಂಬೆಯಾಟದ ಪರದೆಯೇ ಸರಿದುಹೋದಂತೆ ಕಾಣುತ್ತದೆ. ನನ್ನ ಮಟ್ಟಿಗೆ ಇದು ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಸುಂದರವಾದ ಉಪಾಯ.

ಪ್ರಯಾಣಿಕನನ್ನು ಮರಳಿ ಕರೆತಂದದ್ದು ಪ್ಲಾಸ್ಟಿಕ್. ಪಾಲ್ ಪ್ರೈಸರ್ 1949ರಲ್ಲಿ ಕಟ್ಟಿದ ಪ್ರೈಸರ್ ಕಂಪನಿಯ ಹೆಸರು ಇವತ್ತು ಈ ಪುಟಾಣಿ ಮನುಷ್ಯರಿಗೆ ಇನ್ನೊಂದು ಹೆಸರೇ ಆಗಿಬಿಟ್ಟಿದೆ. ನಿಂತವರು, ನಡೆಯುವವರು, ಸೂಟ್‌ಕೇಸ್ ಹಿಡಿದವರು, ಜೊತೆಗೆ ಕೂತವರು. ಬಣ್ಣ ಹಚ್ಚಿದವರಿಗೆ ಬೆಲೆ ಹೆಚ್ಚು, ಏಕೆಂದರೆ ಅಷ್ಟು ಸಣ್ಣ ಮುಖಕ್ಕೆ ಕುಂಚ ತಾಗಿಸುವುದು ಕೈಕೆಲಸ. ಅದಕ್ಕೇ ಬೋಗಿ ತುಂಬಿಸಲು ಹೊರಟವರು ಬಣ್ಣವಿಲ್ಲದವರನ್ನು ಸಗಟಾಗಿ ಕೊಂಡು, ಮನೆಯಲ್ಲೇ ಅಂಗಿ ಸೀರೆಗಳ ಬಣ್ಣ ಬಳಿಯುತ್ತಾರೆ.

ಕೊಂಡ ಮೇಲೆ ಶುರುವಾಗುತ್ತದೆ ನಿಜವಾದ ಕಷ್ಟ: ಬೊಂಬೆ ಸೀಟಿನಲ್ಲಿ ಹಿಡಿಸುವುದಿಲ್ಲ.

ಲೆಕ್ಕ ನೋಡಿ. ಜರ್ಮನಿಯ ಉದ್ದನೆಯ ಬೋಗಿ 26.4 ಮೀಟರ್. 87ರಿಂದ ಭಾಗಿಸಿದರೆ 303 ಮಿಲಿಮೀಟರ್ ಆಗಬೇಕು. ಆದರೆ ಮೇಜಿನ ಮೇಲಿನ ತಿರುವಿನ ತ್ರಿಜ್ಯ ಹಲವು ಮನೆಗಳಲ್ಲಿ 360 ಮಿಲಿಮೀಟರ್. ಅಷ್ಟು ಬಿಗಿ ತಿರುವಿನಲ್ಲಿ ಅಷ್ಟುದ್ದದ ಬೋಗಿ ಅಂದವಾಗಿ ಹೊರಳುವುದಿಲ್ಲ. ಹಾಗಾಗಿ ತಯಾರಕರು ಅಗಲ, ಎತ್ತರಗಳನ್ನು ಸರಿಯಾಗಿಟ್ಟು ಉದ್ದವನ್ನು ಮಾತ್ರ 282ಕ್ಕೆ, ಇಲ್ಲವೇ 264ಕ್ಕೆ ಇಳಿಸಿದರು. ಉದ್ದ ಕಡಿಮೆಯಾದರೆ ಸೀಟುಗಳ ನಡುವಿನ ಜಾಗವೂ ಕಡಿಮೆ. ಮನುಷ್ಯ ಮಾತ್ರ 87ರ ಅಳತೆಯವನೇ. ಅವನ ಮೊಣಕಾಲು ಎದುರು ಸೀಟಿಗೆ ಬಡಿಯುತ್ತದೆ. ಸಾಲದ್ದಕ್ಕೆ ಬೋಗಿಯ ನೆಲದಡಿ ಗಾಲಿಗಳು ಹೊರಳಲು ಎಡೆ ಬೇಕು, ಹಳಿ ತಪ್ಪದಿರಲು ಭಾರದ ಕಬ್ಬಿಣದ ತಗಡು ಬೇಕು. ಹೀಗೆ ನೆಲ ಮೇಲೆದ್ದು ಕೂತಿರುತ್ತದೆ. ನಿಜದ ಸೀಟಿನ ಎತ್ತರ ಮಾದರಿಯಲ್ಲಿ ಐದು ಮಿಲಿಮೀಟರ್ ಬರಬೇಕು, ಬರುವುದಿಲ್ಲ.

ಕೊನೆಗೆ ಕಾಲು ಕತ್ತರಿಸಲೇಬೇಕು. ಕಟಿಂಗ್ ಪ್ಲೇಯರ್‌ನಿಂದ ಮೊಣಕಾಲಿನ ಕೆಳಗೆ ಒಂದು ಕಡಿತ, ಅರದಿಂದ ಅಡಿಭಾಗಕ್ಕೆ ನಾಲ್ಕು ಉಜ್ಜು. ಚಾವಣಿ ಮುಚ್ಚಿ ನೋಡಿದರೆ ತಲೆ ದೀಪದ ಪಟ್ಟಿಗೆ ತಾಗುತ್ತದೆ. ಮತ್ತೆ ತೆಗೆದು, ಮತ್ತೆ ಉಜ್ಜಬೇಕು. ಮೊದಲ ಸಲ ಆ ಕಾಲಿಗೆ ಪ್ಲೇಯರ್ ಹಿಡಿದಾಗ ನನ್ನ ಕೈ ತಡೆಯಿತು. ಕಿಟಕಿಯ ಗಾಜಿನಾಚೆ ಅವನ ಭುಜ, ಮುಖ ಕಂಡಾಗ ಸಮಾಧಾನವಾಯಿತು. ಹೊರಗಿನಿಂದ ಕಾಣುವುದು ಅಷ್ಟೇ.

ಅಂಟಿನ ವಿಷಯದಲ್ಲಿ ನನಗೆ ಪಾಠ ಕಲಿಸಿದ್ದು ಒಂದು ಹಸಿರು ಬೋಗಿ. ಅವಸರಕ್ಕೆ ಸೂಪರ್‌ಗ್ಲೂ ಹಾಕಿ ಚಾವಣಿ ಮುಚ್ಚಿಬಿಟ್ಟೆ. ಬೆಳಗ್ಗೆ ನೋಡಿದರೆ ಕಿಟಕಿಗಳ ಮೇಲೆಲ್ಲ ಬಿಳಿ ಮಂಜು. ಆ ಅಂಟಿನ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಹಾಗೆ ಕೂರುತ್ತದೆ, ಒರೆಸಿದರೆ ಹೋಗುವುದಿಲ್ಲ. ಈಗ ಮರಕ್ಕೆ ಹಚ್ಚುವ ಬಿಳಿ ಗೋಂದನ್ನೇ ಹಚ್ಚುತ್ತೇನೆ. ಒಣಗಲು ತಡವಾದರೂ ಬೇಕೆಂದಾಗ ಬೊಂಬೆಯನ್ನು ಎಬ್ಬಿಸಬಹುದು.

ಎಂಜಿನ್ ಚಾಲಕನ ಕಥೆಯೇ ಬೇರೆ. ಹಳೆಯ ಮಾದರಿಗಳಲ್ಲಿ ಅವನಿರಬೇಕಾದ ಕ್ಯಾಬಿನ್ ತುಂಬ ಮೋಟಾರು. ಉಗಿ ಎಂಜಿನ್ನಿನ ಮೋಟಾರನ್ನು ಹಿಂದಿನ ಕಲ್ಲಿದ್ದಲ ಬಂಡಿಗೋ ಬಾಯ್ಲರಿನೊಳಕ್ಕೋ ಸರಿಸಿದ ಮೇಲೆ ಕ್ಯಾಬಿನ್ ಬರಿದಾಯಿತು, ಚಾಲಕನಿಗೂ ಬೆಂಕಿ ಹಾಕುವವನಿಗೂ ಜಾಗ ಸಿಕ್ಕಿತು. ಎಲ್‌ಇಡಿ ಬಂದದ್ದು ಇನ್ನೊಂದು ತಿರುವು. ಹಳೆಯ ಬಲ್ಬಿನ ಬಿಸಿಯಿಲ್ಲದೆ ಬೋಗಿ ಪೂರ್ತಿ ಬೆಳಗಿದಾಗ ಖಾಲಿ ಸೀಟುಗಳು ಎದ್ದು ಕಂಡವು. ಈಗ ಮನೆಯವರನ್ನೇ ಸ್ಕ್ಯಾನ್ ಮಾಡಿ, ರೆಸಿನ್ನಿನಲ್ಲಿ 3ಡಿ ಮುದ್ರಿಸಿ ಸೀಟಿಗೆ ಏರಿಸುವವರಿದ್ದಾರೆ. ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ಬಾಗಿಲು ತೆರೆದ ಮಿನಿಯಟೂರ್ ವುಂಡರ್‌ಲ್ಯಾಂಡ್ ಎಂಬ ಮಾದರಿ ರೈಲು ಪ್ರದರ್ಶನದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಪುಟ್ಟ ಮನುಷ್ಯರಿದ್ದಾರೆ.

ನಿಮ್ಮ ಮನೆಯಲ್ಲೂ ಇಂಥ ರೈಲೊಂದಿದ್ದು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ನನ್ನ ಉತ್ತರ ಇದು: ಬೋಗಿಯ ಎಲ್ಲ ಸೀಟುಗಳನ್ನೂ ತುಂಬಲು ಹೋಗಬೇಡಿ, ಕಿಟಕಿ ಪಕ್ಕ ಹತ್ತು ಜನ ಸಾಕು. ಆದರೆ ಅವರಿಗಿಂತ ಮುಂಚೆ ಎಂಜಿನ್ನಿನಲ್ಲಿ ಚಾಲಕನನ್ನು ಕೂರಿಸಿ.