ಆಡಿನ ಮರಿಗೆ ಗಿಣ್ಣು ಹಾಲೇ ಮೊದಲ ರಕ್ಷಣೆ

“ಮರಿ ಚೆನ್ನಾಗಿಯೇ ಹುಟ್ಟಿತ್ತು. ಹತ್ತು ದಿನಕ್ಕೆ ಭೇದಿ ಹಿಡಿದು ಸತ್ತುಹೋಯಿತು.” ಆಡು ಸಾಕುವ ಮನೆಗಳಲ್ಲಿ ನಾವು ಆಗಾಗ ಕೇಳುವ ಮಾತಿದು. ಮಳೆ, ಮೇವು, ದೃಷ್ಟಿ ಎಂದು ಕಾರಣ ಹುಡುಕುತ್ತೇವೆ. ಅನೇಕ ಸಲ ಕಾರಣ ಇರುವುದು ಮರಿ ಹುಟ್ಟಿದ ಮೊದಲ ಕೆಲವೇ ಗಂಟೆಗಳಲ್ಲಿ.

ಮನುಷ್ಯರಲ್ಲಿ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ರೋಗದೊಡನೆ ಹೋರಾಡುವ ಅಂಶಗಳು, ಮಗು ಗರ್ಭದಲ್ಲಿರುವಾಗಲೇ ಅದಕ್ಕೆ ಸೇರುತ್ತವೆ. ಆಡಿನಲ್ಲಿ ಹಾಗಲ್ಲ. ಅದರ ಮಾಸು ಇವುಗಳನ್ನು ದಾಟಗೊಡುವುದಿಲ್ಲ. ಹೀಗಾಗಿ ಮರಿಗೆ ಹುಟ್ಟುವಾಗ ರೋಗನಿರೋಧಕ ಶಕ್ತಿ ಇಲ್ಲವೆಂದೇ ಹೇಳಬೇಕು. ತಾಯಿ ಅದನ್ನು ಕೊಡುವುದು ಗಿಣ್ಣು ಹಾಲಿನ ಮೂಲಕ.

ಹುಟ್ಟಿದಾಗ ಮರಿಯ ಕರುಳು ಪ್ರತಿಕಾಯಗಳನ್ನು ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಡುತ್ತದೆ. ಗಂಟೆ ಕಳೆದಂತೆ ಈ ಶಕ್ತಿ ಕುಗ್ಗಿ, ಸುಮಾರು 24 ಗಂಟೆಗಳಲ್ಲಿ ನಿಂತುಹೋಗುತ್ತದೆ. ಆಮೇಲೆ ಕುಡಿಸಿದ ಗಿಣ್ಣು ಆಹಾರವಾದೀತೇ ಹೊರತು ರಕ್ತಕ್ಕೆ ಸೇರಿ ರಕ್ಷಣೆ ನೀಡದು.

ಆದ್ದರಿಂದ ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣು ಮರಿಯ ಹೊಟ್ಟೆ ಸೇರಬೇಕು. ಮೊದಲ ದಿನ ಮರಿಯ ತೂಕದ ಹತ್ತನೇ ಒಂದು ಭಾಗದಷ್ಟಾದರೂ ಬೇಕು. 2 ಕಿಲೋ ಮರಿಗೆ 200 ಮಿಲಿ ಲೀಟರ್. ಅದರಲ್ಲಿ ಅರ್ಧದಷ್ಟು ಮೊದಲ ಆರು ಗಂಟೆಗಳಲ್ಲಿ. ಕಸ ಬೀಳುವ ತನಕ ಮರಿಯನ್ನು ಮೊಲೆಗೆ ಬಿಡಬಾರದೆಂಬ ರೂಢಿ ಕೆಲವೆಡೆ ಇದೆ. ಇದು ಮರಿಯ ಜೀವಕ್ಕೇ ಅಪಾಯ.

ಉತ್ತರ ಕೇರಳ ಮೂಲದ ಮಲಬಾರಿ ಆಡುಗಳಲ್ಲಿ ಅವಳಿ ಮರಿಗಳು ಸಾಮಾನ್ಯ. ಬಲವಾದ ಮರಿ ಕುಡಿದು ಮುಗಿಸಿ, ಬಡವಾದದ್ದು ಉಪವಾಸ ಬೀಳುವುದುಂಟು. ಅದಕ್ಕೆ ಕೈಯಿಂದ ಹಿಂಡಿ ಬಾಟಲಿಯಲ್ಲಿ ಕುಡಿಸಿ. ತಾಯಿ ಸತ್ತರೆ ಅದೇ ಹೊತ್ತಿಗೆ ಮರಿ ಹಾಕಿದ ಬೇರೆ ಆಡಿನ ಗಿಣ್ಣು ಕೊಡಬಹುದು. ಹೆಚ್ಚಾದ ಗಿಣ್ಣನ್ನು ಫ್ರೀಜರಿನಲ್ಲಿಟ್ಟರೆ ಮುಂದಿನ ಮರಿಗೆ ಆಗುತ್ತದೆ. ಬಳಸುವಾಗ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ. ಕುದಿಸಿದರೆ ಪ್ರತಿಕಾಯಗಳು ನಾಶವಾಗುತ್ತವೆ. ಹೊಕ್ಕುಳ ಬಳ್ಳಿಗೆ ಕೂಡಲೇ ಟಿಂಕ್ಚರ್ ಅಯೋಡಿನ್ ಹಚ್ಚಿ.

ತಯಾರಿ ಗಬ್ಬದ ಕಾಲದಲ್ಲೇ ಆರಂಭವಾಗಬೇಕು. ಮರಿ ಹಾಕುವ 4ರಿಂದ 6 ವಾರ ಮೊದಲು ತಾಯಿಗೆ ಕರುಳುಬೇನೆ ಮತ್ತು ಧನುರ್ವಾಯು ಲಸಿಕೆ ಹಾಕಿಸಿದರೆ ಆ ರಕ್ಷಣೆ ಗಿಣ್ಣಿನ ಮೂಲಕ ಮರಿಗೂ ಸಿಗುತ್ತದೆ. ಸ್ಥಳೀಯ ಪಶುವೈದ್ಯರನ್ನು ಮೊದಲೇ ವಿಚಾರಿಸಿ.

ತಾಯಿಯಿಂದ ಬಂದ ಈ ರಕ್ಷಣೆ ಶಾಶ್ವತವಲ್ಲ. ವಾರಗಳು ಕಳೆದಂತೆ ಅದು ಇಳಿಯುತ್ತದೆ. ಮರಿಯ ಸ್ವಂತ ಶಕ್ತಿ ನಿಧಾನವಾಗಿ ಬೆಳೆಯುತ್ತದೆ. ಈ ನಡುವಿನ ಕಾಲದಲ್ಲಿ ಒದ್ದೆ ನೆಲವೇ ಶತ್ರು. ನಮ್ಮ ಕರಾವಳಿಯ ಮಳೆಗೆ ನೆಲದಿಂದ ಎತ್ತರಿಸಿದ, ಸಂದು ಬಿಟ್ಟ ಹಲಗೆಯ ಅಟ್ಟಣೆ ಒಳ್ಳೆಯದು. ಎರಡು ವಾರ ತುಂಬಿದ ಮೇಲೆ ಎಳೆ ಸೊಪ್ಪು, ಸ್ವಲ್ಪ ಹಿಂಡಿ ಮುಂದಿಟ್ಟರೆ ಮೆಲುಕು ಹಾಕುವ ಹೊಟ್ಟೆ ಬೆಳೆಯುತ್ತದೆ. ಹಾಲು ಬಿಡಿಸಲು ದಿನ ಮಾತ್ರ ಎಣಿಸಬೇಡಿ, ತೂಕವನ್ನೂ ನೋಡಿ: ಹುಟ್ಟಿದ ತೂಕದ ಎರಡೂವರೆ ಪಟ್ಟಾದರೂ ಆಗಿರಲಿ.

ಹಾಲು ಮಾರುವ ಮನೆಗೆ ಒಂದು ಲೋಟ ಹಾಲೂ ಹಣವೇ, ನಿಜ. ಆದರೆ ಇಂದಿನ ಹೆಣ್ಣು ಮರಿಯೇ ನಾಳೆ ಹಾಲು ಕೊಡುವ ಆಡು. ಮೊದಲ ದಿನದ ಗಿಣ್ಣನ್ನು ಅದಕ್ಕೇ ಬಿಡೋಣ. ಈ ವಿಷಯವನ್ನು ಸ್ವಸಹಾಯ ಸಂಘದ ಸಭೆಗಳಲ್ಲೂ ತಿಳಿಸಬೇಕೆಂದು ಕೋರುತ್ತೇವೆ.